ಮನೆ ಲೆಕ್ಕ: ಕ್ರಿಸ್‌ಮಸ್ ದುಡ್ಡನ್ನು ಗೇರುಬೀಜದ ಕಾಲದಲ್ಲೇ ತೆಗೆದಿಡಿ

ಹಬ್ಬಕ್ಕೆ ದುಡ್ಡು ಹೇಗೆ ಹೊಂದಿಸಿದಿರಿ, ಎಲ್ಲಿ ಕಷ್ಟವಾಯಿತು ಬರೆಯಿರಿ ಅಂತ ಕಳೆದ ಸಂಚಿಕೆಯಲ್ಲಿ ಕೇಳಿದ್ದೆ. ಬಂದ ಪತ್ರಗಳಲ್ಲಿ ಜಾಸ್ತಿ ನಮ್ಮ ಕಾಸರಗೋಡು ಕಡೆಯವೇ. ಅವುಗಳಲ್ಲಿ ಐದನ್ನು ಇಲ್ಲಿ ತೆಗೆದುಕೊಂಡಿದ್ದೇನೆ. ಈ ಅಂಕಣವನ್ನು ಹೊಸದಾಗಿ ಓದುವವರಿಗೆ ಒಂದು ಮಾತು: ನಾನು ಬೇಳದ ಹತ್ತಿರದವಳು. ಮನೆಯಲ್ಲಿ ಕೊಂಕಣಿ, ಶಾಲೆ ಕಲಿತದ್ದು ಕನ್ನಡದಲ್ಲಿ. 31 ವರ್ಷ ಒಂದು ಸಹಕಾರಿ ಸಂಘದ ಕ್ಯಾಶ್ ಕೌಂಟರಿನಲ್ಲಿ ಕೂತಿದ್ದೆ. ಹಾಗಾಗಿ ಡಿಸೆಂಬರ್ ಅಂದರೆ ನನಗೆ ಎರಡು ನೆನಪು: ಮನೆಯಲ್ಲಿ ಎಣ್ಣೆ ಬಾಣಲೆಯ ಪರಿಮಳ, ಕೌಂಟರಿನಲ್ಲಿ ಅಡವು ಇಡಲು ಬಂದ ಬಳೆಗಳು.

ಪ್ರಶ್ನೆ: ನಮಗೆ ತಿಂಗಳ ಸಂಬಳ ಇಲ್ಲ. ಒಂದೆಕ್ರೆ ಅಡಿಕೆ ತೋಟ, ಗುಡ್ಡದಲ್ಲಿ ಗೇರುಮರಗಳು, ಸ್ವಲ್ಪ ಒಳ್ಳೆಮೆಣಸು. ನಾನು ಮನೆಯಲ್ಲೇ ಹೊಲಿಗೆ ಮಾಡುತ್ತೇನೆ. ಕ್ರಿಸ್‌ಮಸಿಗೆ 15,000 ರೂಪಾಯಿ ಬೇಕೇ ಬೇಕು. ತಿಂಗಳಿಗೆ 1,250 ಎತ್ತಿಡಿ ಅಂತ ಎಲ್ಲರೂ ಹೇಳುತ್ತಾರೆ. ಎರಡು ತಿಂಗಳು ಇಡುತ್ತೇನೆ, ಮೂರನೆಯದು ತಪ್ಪುತ್ತದೆ. ಡಿಸೆಂಬರ್ 20 ಬಂದಾಗ ಮತ್ತೆ ಬಳೆ ಅಡವು. ನನ್ನಲ್ಲೇ ಏನೋ ದೋಷ ಅಂತ ಅನಿಸುತ್ತದೆ.
— ಗೃಹಿಣಿ, ಬದಿಯಡ್ಕ

ಉತ್ತರ: ನಿಮ್ಮಲ್ಲಿ ದೋಷ ಇಲ್ಲ ತಂಗಿ. ದೋಷ ಇರುವುದು ಆ 1,250ರಲ್ಲಿ. ವರ್ಷದ ಖರ್ಚನ್ನು 12ರಿಂದ ಭಾಗಿಸುವುದು ತಿಂಗಳ ಸಂಬಳದವರ ಲೆಕ್ಕ. ನಮ್ಮ ಕಡೆ ದುಡ್ಡು ತಿಂಗಳು ತಿಂಗಳು ಬರುವುದಿಲ್ಲ, ಬೆಳೆ ಬೆಳೆಗೆ ಬರುತ್ತದೆ. ಏಪ್ರಿಲ್‌ನಲ್ಲಿ ಕೈಯಲ್ಲಿ ಆಡುವ ಹಣ ಜುಲೈಯಲ್ಲಿ ಹುಡುಕಿದರೂ ಸಿಗುವುದಿಲ್ಲ. ಜೂನ್‌ನಲ್ಲಿ ಶಾಲೆ ಶುರು, ಪುಸ್ತಕ, ಕೊಡೆ, ಯೂನಿಫಾರ್ಮ್. ಮೇಲಿಂದ ತೋಟಕ್ಕೆ ಮದ್ದು ಬಿಡುವ ಖರ್ಚು. ಅದೇ ತಿಂಗಳು ಕ್ರಿಸ್‌ಮಸಿಗೂ 1,250 ಇಡಿ ಅಂದರೆ ಯಾರಿಗೆ ಆಗುತ್ತದೆ?

ಆದ್ದರಿಂದ ತಿಂಗಳನ್ನು ಬಿಡಿ. ಯಾವ ಬೆಳೆಯಿಂದ ಎಷ್ಟು ಅಂತ ಗೊತ್ತು ಮಾಡಿ. ನಿಮ್ಮ ಮನೆಗೆ ನಾನು ಹೀಗೆ ಹಂಚುತ್ತೇನೆ. ಜನವರಿ, ಫೆಬ್ರವರಿಯಲ್ಲಿ ಒಳ್ಳೆಮೆಣಸು ಕೊಯ್ದು ಒಣಗಿಸಿ ಮಾರುವಾಗ ಅದರಿಂದ 2,000. ಮಾರ್ಚ್‌ನಿಂದ ಮೇ ತನಕ ಗೇರುಬೀಜದ್ದು 4,500. ಇಲ್ಲಿ ಒಂದು ಎಚ್ಚರ. ಗೇರುಬೀಜವನ್ನು ಅಂಗಡಿಗೆ ಹಾಕಿ ಅಲ್ಲಿಂದಲೇ ಅಕ್ಕಿ, ಸಕ್ಕರೆ, ಸೋಪು ತಂದು ಲೆಕ್ಕ ಚುಕ್ತಾ ಮಾಡುವ ರೂಢಿ ನಮ್ಮಲ್ಲಿ ಉಂಟು. ಹಾಗೆ ಮಾಡಿದರೆ ಬೀಜ ಹೋಯಿತು, ಹಣದ ಮುಖ ಕಾಣಲಿಲ್ಲ. ಕೊನೆಯ ಎರಡು ಚೀಲವಾದರೂ ನಗದಿಗೆ ಕೊಡಿ. ಆ ನಗದು ಮನೆಗೆ ಬರುವ ದಾರಿಯಲ್ಲೇ ಖಾತೆಗೆ ಹೋಗಲಿ.

ಅಡಿಕೆಗೆ ಬೇರೆ ಉಪಾಯ. ಚಾಲಿ, ಅಂದರೆ ಬಿಸಿಲಿಗೆ ಹಾಕಿದ ಹಣ್ಣಡಿಕೆ, ಒಣಗಿದ ಮೇಲೆ, ಸುಲಿದರೆ 10 ಕಿಲೋ ಆಗುವಷ್ಟನ್ನು ಸಿಪ್ಪೆ ಸಮೇತ ಒಂದು ಗೋಣಿಯಲ್ಲಿ ಕಟ್ಟಿ ಅಟ್ಟದಲ್ಲಿಡಿ. ಗೋಣಿಗೆ ಒಂದು ಕೆಂಪು ದಾರ ಕಟ್ಟಿ, ಇದು ಹಬ್ಬದ್ದು ಅಂತ ಮನೆಯವರಿಗೂ ಹೇಳಿ. ನವೆಂಬರ್‌ನಲ್ಲಿ ಸುಲಿದು ಮಾರಿ. ಹಳೆ ಅಡಿಕೆಗೆ ಸಾಮಾನ್ಯವಾಗಿ ಹೊಸತಿಗಿಂತ ಒಳ್ಳೆಯ ರೇಟು ಇರುತ್ತದೆ, ನಿಮಗೆ ಗೊತ್ತೇ ಉಂಟು. ಕಿಲೋಗೆ 400 ಅಂತ ಹಿಡಿದರೆ 4,000. ಚೆನ್ನಾಗಿ ಒಣಗದಿದ್ದರೆ ಹುಳ ಹಿಡಿಯುತ್ತದೆ. ಹಾಗಾಗಿ ಅಂಗಳದಿಂದ ಎತ್ತುವ ಮೊದಲು ನಾಲ್ಕು ಒಡೆದು ನೋಡಿ.

ಇನ್ನು ನಿಮ್ಮ ಹೊಲಿಗೆ. ಅದರಿಂದ ವಾರಕ್ಕೆ 100. ಜೂನ್, ಜುಲೈ, ಆಗಸ್ಟ್ ರಜೆ ಕೊಡಿ, ಏನೂ ಇಡಬೇಡಿ. ಡಿಸೆಂಬರ್ ಮೊದಲ ವಾರದ ತನಕ ಉಳಿದ ಸುಮಾರು 36 ವಾರಕ್ಕೆ 3,600 ಆಯಿತು. ಒಟ್ಟು 14,100. ಕಡಿಮೆ ಬಿದ್ದ 900 ರೂಪಾಯಿಯನ್ನು ಉಳಿತಾಯದಲ್ಲಿ ಹುಡುಕಬೇಡಿ, ಖರ್ಚಿನಲ್ಲಿ ಕಡಿಮೆ ಮಾಡಿ.

ಬಳೆಯ ಲೆಕ್ಕವನ್ನೂ ಹೇಳುತ್ತೇನೆ. ವರ್ಷಕ್ಕೆ ನೂರಕ್ಕೆ 12ರ ಬಡ್ಡಿ ಆದರೆ 15,000ಕ್ಕೆ ತಿಂಗಳಿಗೆ 150 ರೂಪಾಯಿ. ಹತ್ತು ತಿಂಗಳು ಬಿಡಿಸಲು ಆಗಲಿಲ್ಲ ಅಂದರೆ 1,500. ಖಾಸಗಿಯವರಲ್ಲಿ ತಿಂಗಳಿಗೆ ನೂರಕ್ಕೆ ಎರಡು ಆದರೆ ಇದರ ಎರಡು ಪಾಲು. ನಿಮ್ಮ ಮನೆಯ ಕುಸ್ವಾರಿನ, ಅಂದರೆ ಕ್ರಿಸ್‌ಮಸ್ ತಿಂಡಿಗಳ, ಮೈದಾ, ಸಕ್ಕರೆ, ಎಣ್ಣೆ ಅಷ್ಟೂ ಆ ಬಡ್ಡಿಯಲ್ಲೇ ಬರುತ್ತಿತ್ತು, ಅಲ್ವಾ?

ನಾನು ಇಷ್ಟು ಒತ್ತಿ ಹೇಳಲು ಕಾರಣ ಉಂಟು. 1978ರ ಕ್ರಿಸ್‌ಮಸಿಗೆ ಅಪ್ಪ, ಅಮ್ಮನ ಒಂದು ಬಳೆಯನ್ನು ಸಾಲ ಕೊಡುವ ಒಬ್ಬರಲ್ಲಿ ಅಡವಿಟ್ಟರು. ಹಬ್ಬ ಚೆಂದಕ್ಕೆ ಆಯಿತು. ನನಗೆ ಹಸಿರು ಫ್ರಾಕ್ ಬಂತು. ಬಳೆ ವಾಪಸು ಬರಲಿಲ್ಲ. ಬಡ್ಡಿಗೆ ಬಡ್ಡಿ ಸೇರಿಸಿ, ಕೇಳಲು ಹೋದಾಗ ಮಾರಿ ಆಗಿದೆ ಅಂದರಂತೆ. ಅಮ್ಮ ಬೀಡಿ ಕಟ್ಟುತ್ತಿದ್ದರು. ಎಲೆ ಸುರುಳಿ ಸುತ್ತುವಾಗ ಎಡಗೈಯಲ್ಲಿ ಬಳೆ ಇದ್ದ ಜಾಗ ಬೆಳ್ಳಗೆ ಕಾಣುತ್ತಿತ್ತು. ಅದು ಉಳಿದ ಚರ್ಮದ ಬಣ್ಣಕ್ಕೆ ತಿರುಗಲು ಒಂದು ಬೇಸಿಗೆ ಬೇಕಾಯಿತು. ಮರು ವರ್ಷ ಜನವರಿ 6ರ ಮೂರು ರಾಯರ ಹಬ್ಬ ಕಳೆದ ವಾರವೇ ಅಮ್ಮ ಅಕ್ಕಿ ಕಲಸೆಯೊಳಗೆ ಒಂದು ಹಾಲುಪುಡಿ ಡಬ್ಬ ಇಟ್ಟರು. ಬೀಡಿ ಬ್ರಾಂಚಿನಿಂದ ವಾರದ ಮಜೂರಿ ತಂದ ದಿನ ಅದಕ್ಕೆ ಒಂದು ರೂಪಾಯಿ. ಮಳೆಗಾಲದಲ್ಲಿ ಎಲೆ ಸಿಗದೆ ಕೆಲಸ ನಿಂತ ವಾರ ಹಾಕುತ್ತಿರಲಿಲ್ಲ. ಯಾರಿಗೂ ಉತ್ತರ ಕೊಡಬೇಕಾಗಿಯೂ ಇರಲಿಲ್ಲ. ಡಿಸೆಂಬರ್‌ನಲ್ಲಿ 44 ರೂಪಾಯಿ ಇತ್ತು. ಆ ವರ್ಷದಿಂದ ನಮ್ಮ ಮನೆಯಲ್ಲಿ ಕ್ರಿಸ್‌ಮಸಿಗೆ ಅಡವು ಅನ್ನುವ ಶಬ್ದವೇ ಬರಲಿಲ್ಲ.

ತಪ್ಪಿದ ವಾರವನ್ನು ನೆನೆದು ಇಡೀ ಡಬ್ಬವನ್ನು ಒಡೆಯಬೇಡಿ. ಮುಂದಿನ ವಾರ ಮತ್ತೆ ಹಾಕಿ.

ಪ್ರಶ್ನೆ: ಮಂಗಳೂರಿನಲ್ಲಿ ಕೆಲಸ, ತಿಂಗಳ ಸಂಬಳ. ಕ್ರಿಸ್‌ಮಸಿಗಾಗಿ ಪೋಸ್ಟ್ ಆಫೀಸಿನಲ್ಲಿ ಆರ್‌ಡಿ (ತಿಂಗಳು ತಿಂಗಳು ಕಟ್ಟುವ ಠೇವಣಿ) ಮಾಡುವುದೋ ಬ್ಯಾಂಕಿನಲ್ಲೋ?
— ಯುವಕ, ಮಂಜೇಶ್ವರ

ಉತ್ತರ: ಈ ಕೆಲಸಕ್ಕೆ ಬ್ಯಾಂಕು ಅಥವಾ ಸಹಕಾರಿ ಸಂಘ. ಪೋಸ್ಟ್ ಆಫೀಸಿನ ಆರ್‌ಡಿ ಒಳ್ಳೆಯದೇ, ತಿಂಗಳಿಗೆ 100 ರೂಪಾಯಿಯಿಂದ ಶುರು ಮಾಡಬಹುದು. ಆದರೆ ಅದರ ಅವಧಿ 5 ವರ್ಷ. ಮಧ್ಯದಲ್ಲಿ ಮುಚ್ಚುವುದಾದರೂ 3 ವರ್ಷ ಆಗಬೇಕು. ಅದು ಮಗಳ ಕಾಲೇಜಿಗೆ ಆಗುವ ಹಣ, ಹಬ್ಬಕ್ಕೆ ಅಲ್ಲ. ಬ್ಯಾಂಕಿನಲ್ಲಿ 12 ತಿಂಗಳಿಗೆ ಮಾಡಿಸಬಹುದು. ಶುರು ಮಾಡುವ ತಾರೀಕು ಮುಖ್ಯ. ಡಿಸೆಂಬರ್ 1ಕ್ಕೆ ಕೈಗೆ ಬರಬೇಕಾದರೆ ಹಿಂದಿನ ಡಿಸೆಂಬರ್ 1ಕ್ಕೆ ಶುರುವಾಗಬೇಕು. ಈಗ ತಡವಾಗಿದ್ದರೆ ಅದಕ್ಕಿಂತ ಕಡಿಮೆ ಅವಧಿಯದ್ದು ಉಂಟಾ ಕೇಳಿ.

ಬಡ್ಡಿಯ ಆಸೆ ಇಟ್ಟುಕೊಳ್ಳಬೇಡಿ. ತಿಂಗಳಿಗೆ 1,000ದಂತೆ ಒಂದು ವರ್ಷಕ್ಕೆ, ಬಡ್ಡಿ ನೂರಕ್ಕೆ ಆರೂವರೆ ಅಂತ ಹಿಡಿದರೂ ಸಿಗುವುದು ಸುಮಾರು 420 ರೂಪಾಯಿ. ಇಲ್ಲಿ ಲಾಭ ಬಡ್ಡಿಯಲ್ಲ, ಬೀಗ. ಅಮೆರಿಕದ ಪೆನ್ಸಿಲ್ವೇನಿಯಾದ ಕಾರ್ಲೈಲ್ ಎಂಬ ಊರಿನ ಬ್ಯಾಂಕೊಂದು 1909ರಲ್ಲಿ ‘ಕ್ರಿಸ್‌ಮಸ್ ಕ್ಲಬ್’ ಅಂತ ಒಂದು ಖಾತೆ ತೆರೆಯಿತು. ವಾರ ವಾರ ಸಣ್ಣ ಮೊತ್ತ ಕಟ್ಟುವುದು, ಹಬ್ಬದ ಮುಂಚೆ ಒಟ್ಟಿಗೆ ತೆಗೆಯುವುದು. ಆಮೇಲೆ ಅಂಥ ಖಾತೆ ಆ ದೇಶದ ಎಷ್ಟೋ ಬ್ಯಾಂಕುಗಳಿಗೆ ಬಂತು. ಬಡ್ಡಿ ಕಡಿಮೆ ಇದ್ದರೂ ಜನ ಕಟ್ಟಿದರು. ಮಧ್ಯದಲ್ಲಿ ಸುಲಭಕ್ಕೆ ತೆಗೆಯಲು ಬರುವುದಿಲ್ಲ ಅನ್ನುವುದೇ ಅವರಿಗೆ ಬೇಕಾಗಿತ್ತು. ನನ್ನ ಅಮ್ಮನ ಡಬ್ಬ ಅಕ್ಕಿಯೊಳಗೆ ಹುಗಿದಿದ್ದೂ ಅದಕ್ಕೇ. ನಿಮ್ಮ ಆರ್‌ಡಿಯನ್ನು ಫೋನಿನಲ್ಲಿ ಒಂದೇ ಒತ್ತಿಗೆ ಮುರಿಯಬಹುದಾದರೆ, ಶಾಖೆಗೆ ಹೋಗಿಯೇ ಮುಚ್ಚಬೇಕಾದ ಕಡೆ ಮಾಡಿಸಿ.

ಪ್ರಶ್ನೆ: ನಮ್ಮ ಪೇಟೆಯಲ್ಲಿ ಗುರುತಿನವರೊಬ್ಬರು ‘ಕ್ರಿಸ್‌ಮಸ್ ಫಂಡ್’ ನಡೆಸುತ್ತಾರೆ. ವಾರಕ್ಕೆ 200ರಂತೆ 50 ವಾರ. ಡಿಸೆಂಬರ್‌ನಲ್ಲಿ 10,000ದ ಜೊತೆ ಎರಡು ಕಿಲೋ ಕೇಕು, ಒಂದು ಮಿಕ್ಸಿ ಕೊಡುತ್ತಾರಂತೆ. ಸೇರಬಹುದಾ?
— ಅಂಗನವಾಡಿ ಸಹಾಯಕಿ, ಉಪ್ಪಳ

ಉತ್ತರ: ಸೇರಬೇಡಿ. ಅವರು ಕೆಟ್ಟವರು ಅಂತ ಹೇಳುತ್ತಿಲ್ಲ. ಮಿಕ್ಸಿ ಎಲ್ಲಿಂದ ಬರುತ್ತದೆ ಅಂತ ಯೋಚಿಸಿ. ನಿಮ್ಮ ಹಣವನ್ನು ಅವರು ಎಲ್ಲೋ ಹಾಕಬೇಕು, ಅಲ್ಲಿಂದ ಅದು ದುಡಿದು ಬರಬೇಕು. ಆ ‘ಎಲ್ಲೋ’ ಮುಳುಗಿದರೆ ನಿಮ್ಮ ಕೈಯಲ್ಲಿ ಉಳಿಯುವುದು ಕಂತು ಬರೆದ ಒಂದು ಕಾರ್ಡು.

ಇಂಗ್ಲೆಂಡಿನಲ್ಲಿ ಫೇರ್‌ಪಾಕ್ ಅಂತ ಒಂದು ಕಂಪನಿ ಇತ್ತು. ವರ್ಷವಿಡೀ ಬಡ ಮನೆಗಳಿಂದ ಕಂತು ಕಟ್ಟಿಸಿಕೊಂಡು ಕ್ರಿಸ್‌ಮಸಿಗೆ ಖರೀದಿ ಕೂಪನ್, ತಿಂಡಿ ಪೆಟ್ಟಿಗೆ ಕೊಡುವುದು ಅವರ ವ್ಯಾಪಾರ. 2006ರ ಅಕ್ಟೋಬರ್‌ನಲ್ಲಿ, ಹಬ್ಬಕ್ಕೆ ಹತ್ತು ವಾರ ಇರುವಾಗ, ಕಂಪನಿ ಮುಳುಗಿತು. ಒಂದು ಲಕ್ಷಕ್ಕೂ ಜಾಸ್ತಿ ಜನರ ಹಬ್ಬದ ಹಣ ಅದರೊಳಗೆ ಇತ್ತು. ಅಲ್ಲಿಯೂ ಕಂತು ಎತ್ತಲು ಮನೆಗೆ ಬರುತ್ತಿದ್ದದ್ದು ಗುರುತಿನವರೇ, ನೆರೆಕರೆಯವರೇ. ಹಣ ಹೋದಾಗ ಆ ಏಜೆಂಟರದ್ದೂ ಹೋಯಿತು. ಗುರುತಿನವರು ಅನ್ನುವುದು ಭದ್ರತೆಯಲ್ಲ.

ನಮ್ಮಲ್ಲಿ ಚಿಟ್ಟಿ ನಡೆಸಲು 1982ರ ಚಿಟ್ ಫಂಡ್ ಕಾಯ್ದೆ ಉಂಟು, ನೋಂದಣಿ ಬೇಕು. ನೋಂದಣಿ ಇಲ್ಲದೆ ಠೇವಣಿ ಎತ್ತುವುದನ್ನು 2019ರ ಕಾಯ್ದೆ ನಿಷೇಧಿಸಿದೆ. ನೋಂದಣಿ ಪತ್ರ ತೋರಿಸಿ ಅಂತ ಕೇಳಲು ಸಂಕೋಚ ಬೇಡ. ಚಿಟ್ಟಿಯೇ ಬೇಕಾದರೆ ಕೇರಳ ಸರಕಾರದ್ದೇ ಆದ ಚಿಟ್ಟಿ ಕಂಪನಿ ಕೆಎಸ್‌ಎಫ್‌ಇ ಉಂಟು. ಆದರೆ ನಿಮಗೆ ಅದಕ್ಕಿಂತ ಹತ್ತಿರದ ದಾರಿ ಕುಟುಂಬಶ್ರೀ, ಕೇರಳ ಸರಕಾರದ ಹೆಂಗಸರ ಯೋಜನೆ. 1998ರಿಂದ ನಮ್ಮ ವಾರ್ಡು ವಾರ್ಡಿನಲ್ಲಿ ಅದರ ನೆರೆಕೂಟಗಳು ಬೆಳೆದಿವೆ. ವಾರಕ್ಕೊಮ್ಮೆ ಹತ್ತಿಪ್ಪತ್ತು ಹೆಂಗಸರು ಯಾರದಾದರೂ ಜಗಲಿಯಲ್ಲಿ ಕೂತು ಹಣ ಕಟ್ಟುತ್ತಾರೆ, ಎಲ್ಲರ ಎದುರು ಪುಸ್ತಕದಲ್ಲಿ ಬರೆಯುತ್ತಾರೆ, ಹಣ ಬ್ಯಾಂಕಿಗೆ ಹೋಗುತ್ತದೆ. ನಿಮ್ಮ ಕೂಟದಲ್ಲಿ ಹಬ್ಬದ ಉಳಿತಾಯಕ್ಕೆ ಬೇರೆ ಪುಟ ತೆರೆಯಲು ಆಗುತ್ತದಾ ಕೇಳಿ ನೋಡಿ. ಓಣಂಗೆ, ಪೆರ್ನಾಳಿಗೆ (ಈದ್), ದೀಪಾವಳಿಗೆ ಬೇಕಾದವರೂ ನಿಮ್ಮ ಜೊತೆ ಸೇರಿಯಾರು. ಮಿಕ್ಸಿ ಸಿಗುವುದಿಲ್ಲ. 10,000 ಸಿಗುತ್ತದೆ.

ಪ್ರಶ್ನೆ: ನನ್ನ ಗಂಡ ಪ್ರತಿ ವರ್ಷ ಕೇರಳ ಸರಕಾರದ ಕ್ರಿಸ್‌ಮಸ್ ಬಂಪರ್ ಲಾಟರಿಯ ಐದು ಟಿಕೆಟ್ ತೆಗೆಯುತ್ತಾರೆ. ಬಂದರೆ ಕ್ರಿಸ್‌ಮಸ್ ಜೋರು ಅಂತ ಹೇಳುತ್ತಾರೆ.
— ಮುಳ್ಳೇರಿಯ

ಉತ್ತರ: ಇತ್ತೀಚಿನ ವರ್ಷಗಳಲ್ಲಿ ಆ ಟಿಕೆಟಿಗೆ 400 ರೂಪಾಯಿ. ಐದಕ್ಕೆ 2,000. ಮತ್ತೆ, ಆ ಬಂಪರಿನ ಡ್ರಾ ಆಗುವುದೇ ಹಬ್ಬ ಕಳೆದು ಜನವರಿ, ಫೆಬ್ರವರಿಯಲ್ಲಿ. ಬಂದರೂ ಈ ಕ್ರಿಸ್‌ಮಸಿಗೆ ಬರುವುದಿಲ್ಲ ಅಂತ ಅವರಿಗೆ ಪ್ರೀತಿಯಿಂದ ಹೇಳಿ. ಒಂದು ಟಿಕೆಟ್ ಅವರ ಖುಷಿಗೆ ಇರಲಿ. ಉಳಿದ 1,600 ಮನೆಗೆ ಕೊಡಲಿ. 25ರ ಊಟದ ಮಾಂಸಕ್ಕೆ ಹತ್ತಿರ ಹತ್ತಿರ ಆಯಿತು.

ಪ್ರಶ್ನೆ: ಕುಸ್ವಾರು ಮನೆಯಲ್ಲೇ ಮಾಡಿ 24 ಮನೆಗೆ ಹಂಚುತ್ತೇವೆ. ಎಣ್ಣೆ ರೇಟು ನೋಡಿ, ಈ ಸಲ ಹಂಚುವುದನ್ನು ನಿಲ್ಲಿಸೋಣ ಅಂತ ಮಗ ಹೇಳುತ್ತಾನೆ. ಮೊಮ್ಮಗಳಿಗೆ ದುಬಾರಿ ಫ್ರಾಕ್ ಬೇಕು, ಗಲ್ಫಿನಿಂದ ಬರುವ ಮಕ್ಕಳ ಹಾಗೆ. ಯಾವುದನ್ನು ಬಿಡುವುದು?
— ಅಜ್ಜಿ, ವರ್ಕಾಡಿ

ಉತ್ತರ: ಕುಸ್ವಾರಿನ ತಟ್ಟೆ ಹಂಚುವುದನ್ನು ಬಿಡಬೇಡಿ ಅಮ್ಮ. ಮೊದಲು ನನ್ನ ಲೆಕ್ಕದ ಪುಸ್ತಕ ನೋಡಿ. ಹೋದ ಡಿಸೆಂಬರ್‌ನಲ್ಲಿ ನಮ್ಮ ಐದು ಜನರ ಮನೆಗೆ ಆದ ಒಟ್ಟು ಖರ್ಚು 18,400. ಅದರಲ್ಲಿ ಬಟ್ಟೆಗೆ 7,200. ಕುಸ್ವಾರಿಗೆ 3,900. ಊಟಕ್ಕೆ 3,600. ಇಗರ್ಜಿಗೆ ಮತ್ತು ಕ್ಯಾರಲ್ಸಿಗೆ ಬಂದವರಿಗೆ 1,500. ಗೋದಲಿ, ನಕ್ಷತ್ರದ ದೀಪಕ್ಕೆ 600. ಉಳಿದದ್ದು ಬಸ್ಸು, ರಿಕ್ಷಾ, ಚಿಲ್ಲರೆ. ಎಣ್ಣೆಯೇ ಕೊಲ್ಲುತ್ತದೆ ಅಂತ ನಾವು ಗೊಣಗುತ್ತೇವೆ, ಆದರೆ ಖರ್ಚಿನ ದೊಡ್ಡ ತುಂಡು ಬಟ್ಟೆ. ನಿಮ್ಮ ಮನೆಯಲ್ಲೂ ಹಾಗೆಯೇ ಇರಬಹುದು, ಒಮ್ಮೆ ಬರೆದು ನೋಡಿ.

ಎಣ್ಣೆಯ ಬಿಸಿ ನನಗೂ ತಟ್ಟಿದೆ. 2025ರ ಮಳೆಗಾಲದಲ್ಲಿ ತೆಂಗಿನೆಣ್ಣೆ ಲೀಟರಿಗೆ 400 ದಾಟಿದಾಗ ನನಗೂ ಎದೆ ಧಸಕ್ ಅಂದಿತ್ತು. ಆ ವರ್ಷ ನಮ್ಮನ್ನು ಉಳಿಸಿದ್ದು ಏಪ್ರಿಲ್‌ನ ಕೊಪ್ಪರ. ಬೇಸಿಗೆಯಲ್ಲಿ ಮನೆಯ ತೆಂಗಿನಕಾಯಿ ಒಡೆದು ಅಂಗಳದಲ್ಲಿ ಒಣಗಿಸಿ ಮಿಲ್ಲಿಗೆ ಕೊಟ್ಟಿದ್ದೆವು. ಎಣ್ಣೆಯನ್ನು ಎರಡು ದಿನ ಬಿಸಿಲಿಗೆ ಇಟ್ಟು, ಗಸಿ ತಳಕ್ಕೆ ಕೂತ ಮೇಲೆ ಸೋಸಿ, ನೀರಿನ ಪಸೆ ಇಲ್ಲದ ಸ್ಟೀಲ್ ಕ್ಯಾನಿಗೆ ತುಂಬಿದೆ. ಡಿಸೆಂಬರ್‌ನಲ್ಲೂ ಕಮಟು ಬರಲಿಲ್ಲ. ನಿಮಗೆ ನಾಲ್ಕು ತೆಂಗಿನ ಮರ ಇದ್ದರೆ ಹಬ್ಬದ ಎಣ್ಣೆಯನ್ನು ಅಂಗಡಿಯಿಂದ ತರಬೇಡಿ. ಸಕ್ಕರೆ, ಮೈದಾ, ರವೆಗೆ ಕೇರಳ ಸರಕಾರದ ಅಂಗಡಿ ಸಪ್ಲೈಕೋದ ಕ್ರಿಸ್‌ಮಸ್ ಫೇರ್ ನೋಡಿ, ರೇಷನ್ ಕಾರ್ಡು ಮರೆಯದೆ ಹಿಡಿದುಕೊಂಡು ಹೋಗಿ.

ಕುಸ್ವಾರಿನ ಬಗೆಯನ್ನು ಕಡಿಮೆ ಮಾಡಬಹುದು. ಅದರಲ್ಲಿ ತಪ್ಪಿಲ್ಲ. ನಾವು ಮೊದಲು ಎಂಟು ಬಗೆ ಮಾಡುತ್ತಿದ್ದೆವು. ಈಗ ನಾಲ್ಕು: ನೆವ್ರ್ಯೊ (ಕರ್ಜಿಕಾಯಿ), ಕಿಡ್ಯೊ (ಹಿಟ್ಟಿನ ಸಣ್ಣ ಸುರುಳಿ), ಕೊಕ್ಕಿಸಾಂ (ಅಚ್ಚಿನಲ್ಲಿ ಕರಿದ ಹೂವು), ಚಕ್ಕುಲಿ. ನೆವ್ರ್ಯೊದ ಒಳಗಿನ ಹೂರಣಕ್ಕೆ ಗೇರುಬೀಜ ಅಂಗಡಿಯದ್ದು ಬೇಡ. ಮೇ ತಿಂಗಳಲ್ಲೇ ಮನೆಯದ್ದು ಸ್ವಲ್ಪ ಸುಟ್ಟು, ಒಡೆದು, ಡಬ್ಬದಲ್ಲಿ ಬಿಗಿಯಾಗಿ ಮುಚ್ಚಿಡಿ. ಕೇಕ್ ಒಂದು ಸಾಕು, ಅದನ್ನೂ ತೆಳ್ಳಗೆ ಕತ್ತರಿಸಿ.

ಆದರೆ 24 ಮನೆಯನ್ನು 12 ಮಾಡಬೇಡಿ. ನಮ್ಮ ಕಡೆಯ ಕ್ರಿಸ್‌ಮಸ್ ಆ ತಟ್ಟೆಯಲ್ಲೇ ಇರುವುದು. ನಮ್ಮ ಪಕ್ಕದ ಬ್ಯಾರಿ ಮನೆಯ ಅಜ್ಜಿಗೆ ಹಲ್ಲಿಲ್ಲ. ಅವರಿಗೆ ಅಂತ ಮೆತ್ತಗಿನ ಲಾಡು ನಾಲ್ಕು ಬೇರೆ ಕಟ್ಟುತ್ತೇನೆ. ಅವರ ಮನೆಯಿಂದ ಪೆರ್ನಾಳಿಗೆ ತುಪ್ಪದನ್ನ ಬರುತ್ತದೆ, ಎದುರು ಮನೆಯ ಭಟ್ರಲ್ಲಿಂದ ದೀಪಾವಳಿಗೆ ಹೋಳಿಗೆ. ತಟ್ಟೆ ಖಾಲಿ ವಾಪಸು ಹೋಗಬಾರದು ಅಂತ ಯಾರೋ ಒಂದು ಹಿಡಿ ಸಕ್ಕರೆ ಹಾಕಿ ಕೊಡುತ್ತಾರೆ. ಇದನ್ನು ಯಾವ ಉಳಿತಾಯಕ್ಕೂ ನಾನು ಬಿಟ್ಟುಕೊಡುವುದಿಲ್ಲ. ತಟ್ಟೆಯಲ್ಲಿ ಮೊದಲು ಎಂಟು ಕಿಡ್ಯೊ ಇದ್ದರೆ ಈಗ ಐದು ಹಾಕಿ, ಯಾರೂ ಲೆಕ್ಕ ಮಾಡುವುದಿಲ್ಲ.

ಇನ್ನು ಮೊಮ್ಮಗಳ ಫ್ರಾಕ್. ಅವಳಿಗೆ ಇಲ್ಲ ಅಂತ ಹೇಳಬೇಡಿ, ಎಷ್ಟು ಅಂತ ಹೇಳಿ. ನಿನ್ನ ಬಟ್ಟೆಗೆ ಈ ಸಲ 1,200 ರೂಪಾಯಿ ಉಂಟು, ನೀನೇ ಆರಿಸು ಅಂತ ಜನವರಿಯಲ್ಲೇ ಹೇಳಿ. ಮಕ್ಕಳಿಗೆ ಡಿಸೆಂಬರ್ 22ಕ್ಕೆ ಅಂಗಡಿಯಲ್ಲಿ ನಿಂತು ಬೇಡ ಅಂದರೆ ನೋವಾಗುತ್ತದೆ. ವರ್ಷದ ಮೊದಲೇ ಹೇಳಿದರೆ ಅವರೇ ಲೆಕ್ಕ ಹಾಕಲು ಶುರು ಮಾಡುತ್ತಾರೆ. ನನ್ನ ಮೊಮ್ಮಗಳಿಗೆ ಏಳು ವರ್ಷ. ಅವಳ ಹೆಸರಿನಲ್ಲಿ ಪುಸ್ತಕದ ಹಿಂದೆ ಒಂದು ಪುಟ ಉಂಟು. ಬೇಸಿಗೆ ರಜೆಯಲ್ಲಿ ಅವಳು ಹೆಕ್ಕಿದ ಗೇರುಬೀಜದ ಹಣವನ್ನು ಅವಳದೇ ಪುಟಕ್ಕೆ ಬರೆಯುತ್ತೇನೆ. ಹೋದ ವರ್ಷ 340 ಆಯಿತು. ಬಟ್ಟೆಗೆ ಇಟ್ಟ ಹಣಕ್ಕೆ ಅದನ್ನು ಸೇರಿಸಿ, ಫ್ರಾಕಿನ ಜೊತೆ ಒಂದು ಜೊತೆ ಕೆಂಪು ಚಪ್ಪಲಿ ತಂದಳು. ಗಲ್ಫಿನಿಂದ ಬಂದ ಮಕ್ಕಳಿಗೆ ಅವಳು ಮೊದಲು ತೋರಿಸಿದ್ದು ಆ ಚಪ್ಪಲಿಯನ್ನೇ.

ಕಿಡ್ಯೊ ಮಾಡುವ ದಿನ ಅವಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಒಂದು ಹೊಸ ಬಾಚಣಿಗೆ ತಂದು ಚೆನ್ನಾಗಿ ತೊಳೆದು ಕೊಡಿ. ಹಿಟ್ಟಿನ ಸಣ್ಣ ಉಂಡೆಯನ್ನು ಹಲ್ಲಿನ ಮೇಲೆ ಒತ್ತಿ ಹೆಬ್ಬೆರಳಿನಲ್ಲಿ ಮೆಲ್ಲ ಸುತ್ತಬೇಕು. ಮೊದಲ ಹತ್ತು ಸರಿ ಬರುವುದಿಲ್ಲ. ಆಮೇಲೆ ಗೆರೆ ಬೀಳುತ್ತದೆ. ಅವಳು ಸುತ್ತಿದ್ದು ಯಾವ ತಟ್ಟೆಯಲ್ಲಿ ಯಾರ ಮನೆಗೆ ಹೋಗಬೇಕು ಅಂತ ಅವಳೇ ಹೇಳಲಿ. ತಟ್ಟೆ ನಿಲ್ಲಿಸೋಣ ಅನ್ನುವ ಮಗನಿಗೆ ಆಮೇಲೆ ನೀವು ಬೇರೆ ಉತ್ತರ ಹುಡುಕಬೇಕಾಗಿಲ್ಲ.